ಅಂತರಜಾಲ ಸೇವಾದಾರರ ತಾಂತ್ರಿಕ ನೆರವು

ಅಂತರಜಾಲ ಸೇವಾದಾರರ ತಾಂತ್ರಿಕ ನೆರವು ಎಂದರೆ ಸಂಪರ್ಕ ಕಡಿತಗೊಂಡಾಗ, ವೇಗ ಕುಸಿದಾಗ ಅಥವಾ ಸೇವೆಯಲ್ಲಿ ಬೇರಾವುದೇ ದೋಷ ಕಂಡುಬಂದಾಗ ದೋಷವನ್ನು ಪತ್ತೆಹಚ್ಚಿ ಸರಿಪಡಿಸಲು ಸೇವಾದಾರ ಸಂಸ್ಥೆಯು ಗ್ರಾಹಕನಿಗಾಗಿ ನಡೆಸುವ ವ್ಯವಸ್ಥೆ. ದೂರವಾಣಿ ಸಹಾಯವಾಣಿ, ಜಾಲ ನಿರ್ವಹಣಾ ಕೇಂದ್ರದ ಅಭಿಯಂತರರು ಹಾಗೂ ಮನೆಬಾಗಿಲಿಗೆ ಬರುವ ಕ್ಷೇತ್ರ ತಂತ್ರಜ್ಞರು ಇದರ ಮುಖ್ಯ ಅಂಗಗಳು. ಸಮರ್ಥರಾದ ತಂತ್ರಜ್ಞರು ಬಹುತೇಕ ಎಲ್ಲ ಸೇವಾದಾರರಲ್ಲಿಯೂ ಇರುತ್ತಾರೆ. ಆದರೆ ಗ್ರಾಹಕನ ಕರೆ ಅವರವರೆಗೆ ತಲುಪುವ ದಾರಿ ಉದ್ದವಾದದ್ದು. ಈ ಲೇಖನವು ಮುಖ್ಯವಾಗಿ ಭಾರತದ ಬ್ರಾಡ್‌ಬ್ಯಾಂಡ್ ಸೇವೆಯನ್ನು ಕುರಿತದ್ದಾಗಿದೆ.

ಹಿನ್ನೆಲೆ

ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆಯನ್ನು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಆರಂಭಿಸಿತು. ದೂರವಾಣಿ ತಂತಿಯ ಮೂಲಕ ಡಯಲ್ ಮಾಡಿ ಸಂಪರ್ಕ ಪಡೆಯುತ್ತಿದ್ದ ಆ ದಿನಗಳಲ್ಲಿ ದೋಷವು ದೂರವಾಣಿಯದೋ, ಮೋಡೆಮ್‌ನದೋ, ಸೇವಾದಾರರದೋ ಎಂಬ ಪ್ರಶ್ನೆ ಆಗಲೇ ಇತ್ತು. ತಂತಿ ಒಬ್ಬರದು, ಸೇವೆ ಇನ್ನೊಬ್ಬರದು ಆಗಿದ್ದ ಕಡೆ ದೂರು ಇಬ್ಬರ ನಡುವೆ ಅಲೆಯುತ್ತಿತ್ತು. 1998ರಲ್ಲಿ ಖಾಸಗಿ ಸೇವಾದಾರರಿಗೆ ಅವಕಾಶ ದೊರೆಯಿತು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗದ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. ಈ ಮಿತಿಯನ್ನು 2013ರಲ್ಲಿ 512 ಕಿಲೋಬಿಟ್‌ಗೂ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೂ ಏರಿಸಲಾಯಿತು.

ತಾಮ್ರದ ತಂತಿಯ ಸ್ಥಾನವನ್ನು ಆಪ್ಟಿಕಲ್ ಫೈಬರ್ ಪಡೆದ ಮೇಲೆ ನೆರವಿನ ಸ್ವರೂಪವೂ ಬದಲಾಯಿತು. ಕರ್ನಾಟಕದ ಅನೇಕ ಪಟ್ಟಣಗಳಲ್ಲಿ ದೊಡ್ಡ ಸಂಸ್ಥೆಯ ಹೆಸರಿನಲ್ಲಿ ಫೈಬರ್ ಎಳೆದು ಕೊಡುವವರು ಸ್ಥಳೀಯ ಕೇಬಲ್ ಆಪರೇಟರ್‌ಗಳೇ. ಇಂತಹ ಕಡೆ ಗ್ರಾಹಕನಿಗೆ ಮೊದಲ ತಂತ್ರಜ್ಞ ಎಂದರೆ ಬೀದಿಯ ಕಂಬ ಹತ್ತುವ ಕೇಬಲ್ ಹುಡುಗ. ಯಾವ ಕಂಬದ ಮೇಲೆ ಯಾವ ಜಾಯಿಂಟ್ ಪೆಟ್ಟಿಗೆಯಿದೆ ಎಂಬುದು ದೂರದ ಸಹಾಯವಾಣಿಯ ಪರದೆಯಲ್ಲಿ ಕಾಣುವುದಕ್ಕಿಂತ ಅವನಿಗೆ ಹೆಚ್ಚು ಚೆನ್ನಾಗಿ ಗೊತ್ತಿರುತ್ತದೆ. ಆದರೆ ಅವನಿಗೆ ಮಾಡಿದ ಫೋನ್ ಕರೆಗೆ ದೂರು ಸಂಖ್ಯೆ ಇರುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅಂತಹ ದೂರು ದಾಖಲಾಗಿಯೇ ಇಲ್ಲ.

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆ, ಕಚೇರಿಗಳು ಮನೆಗೆ ಬಂದಾಗ ಈ ವ್ಯವಸ್ಥೆಯ ಮೇಲಿನ ಅವಲಂಬನೆ ಸ್ಪಷ್ಟವಾಯಿತು. ಮಲೆನಾಡಿನ ಹಳ್ಳಿಗಳ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ್ದು ಆ ಕಾಲದಲ್ಲಿ ವ್ಯಾಪಕವಾಗಿ ವರದಿಯಾಯಿತು. ಸಂಪರ್ಕ ಇದ್ದ ಮನೆಗಳಲ್ಲಿಯೂ ಮೂರು ದಿನದ ದೋಷವೆಂದರೆ ಮೂರು ದಿನದ ಪಾಠ ಅಥವಾ ಸಂಬಳ ತಪ್ಪುವ ಸಂಗತಿಯಾಗಿತ್ತು.

ನೆರವಿನ ಹಂತಗಳು

ದೊಡ್ಡ ಸೇವಾದಾರರಲ್ಲಿ ತಾಂತ್ರಿಕ ನೆರವು ಸಾಮಾನ್ಯವಾಗಿ ಮೂರು ಹಂತಗಳಲ್ಲಿರುತ್ತದೆ. ಮೊದಲ ಹಂತದಲ್ಲಿ ಕರೆ ಸ್ವೀಕರಿಸುವವರು ಹೆಚ್ಚಾಗಿ ಹೊರಗುತ್ತಿಗೆ ಸಂಸ್ಥೆಯ ನೌಕರರು. ಅವರ ಮುಂದೆ ಸಿದ್ಧಪಡಿಸಿದ ಪ್ರಶ್ನಾವಳಿ ಇರುತ್ತದೆ: ರೂಟರ್ ಆರಿಸಿ ಮತ್ತೆ ಹಾಕಿದ್ದೀರಾ, ದೀಪಗಳ ಬಣ್ಣ ಯಾವುದು, ಬಿಲ್ ಪಾವತಿಯಾಗಿದೆಯೇ. ಎರಡನೆಯ ಹಂತದವರು ಗ್ರಾಹಕನ ಖಾತೆ, ಬಂದರು ಹಾಗೂ ಸಿಗ್ನಲ್ ಮಟ್ಟವನ್ನು ದೂರದಿಂದಲೇ ಪರೀಕ್ಷಿಸಬಲ್ಲರು. ಮೂರನೆಯ ಹಂತವು ಜಾಲ ನಿರ್ವಹಣಾ ಕೇಂದ್ರ. ಮಾರ್ಗ ನಿರ್ದೇಶನ, ದಟ್ಟಣೆ, ದೊಡ್ಡ ಉಪಕರಣಗಳ ದೋಷ ಇವು ಅಲ್ಲಿಯ ಕೆಲಸ. ಗ್ರಾಹಕರು ಈ ಹಂತದವರೊಂದಿಗೆ ನೇರವಾಗಿ ಮಾತನಾಡುವುದು ಅಪರೂಪ.

ಮೊದಲ ಹಂತದ ಪ್ರಶ್ನಾವಳಿಯನ್ನು ಹಾಸ್ಯ ಮಾಡುವುದು ರೂಢಿಯಾಗಿದ್ದರೂ ಅದರಲ್ಲಿ ಹುರುಳಿಲ್ಲದಿಲ್ಲ. ಸಡಿಲವಾದ ತಂತಿ, ಮರೆತ ಪಾಸ್‌ವರ್ಡ್, ಮುಗಿದ ಅವಧಿ ಇವುಗಳಿಂದಲೇ ಬರುವ ಕರೆಗಳು ಬಹಳ, ಮತ್ತು ರೂಟರನ್ನು ಒಮ್ಮೆ ಆರಿಸಿ ಹಾಕುವುದರಿಂದ ಸಿಕ್ಕಿಕೊಂಡ ಅಧಿವೇಶನ ಬಿಡುಗಡೆಯಾಗುವುದು ನಿಜ. ತೊಂದರೆ ಇರುವುದು ಅಳತೆಗೋಲಿನಲ್ಲಿ. ಕರೆ ಕೇಂದ್ರದ ನೌಕರನ ಕೆಲಸವನ್ನು ಪ್ರತಿ ಕರೆಗೆ ತಗಲಿದ ಸರಾಸರಿ ಸಮಯ ಹಾಗೂ ದಿನಕ್ಕೆ ಮುಗಿಸಿದ ದೂರುಗಳ ಸಂಖ್ಯೆಯಿಂದ ಅಳೆಯಲಾಗುತ್ತದೆ. ದಿನಕ್ಕೆರಡು ಬಾರಿ ಸಂಜೆ ಮಾತ್ರ ಕಾಣಿಸಿಕೊಳ್ಳುವ ದೋಷವನ್ನು ಬೆನ್ನುಹತ್ತಲು ಈ ಅಳತೆಯಲ್ಲಿ ಜಾಗವಿಲ್ಲ. ಹೀಗಾಗಿ ಪರೀಕ್ಷೆಯ ಕ್ಷಣದಲ್ಲಿ ಸಂಪರ್ಕ ಇದ್ದರೆ ದೂರು ‘ಪರಿಹಾರವಾಗಿದೆ’ ಎಂದು ಮುಚ್ಚಿಹೋಗುತ್ತದೆ. ದೋಷ ಸರಿಹೋಗದೆ ದೂರು ಮುಚ್ಚುವುದು ಗ್ರಾಹಕರ ಅತಿ ಸಾಮಾನ್ಯ ಆಕ್ಷೇಪಗಳಲ್ಲಿ ಒಂದು.

ಸೇವಾದಾರರು ಗ್ರಾಹಕನ ಮನೆಯ ರೂಟರನ್ನು ದೂರದಿಂದಲೇ ನೋಡಬಲ್ಲರು. ಇದಕ್ಕೆ ಬಳಕೆಯಲ್ಲಿರುವ ಟಿಆರ್-069 ಎಂಬ ಶಿಷ್ಟತೆ 2004ರಲ್ಲಿ ಪ್ರಕಟವಾಯಿತು. ‘ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ’ ಎಂಬ ಉತ್ತರ ಬಂದಾಗ, ಯಾವ ಪರೀಕ್ಷೆ ಮಾಡಿದರು ಮತ್ತು ಅಳತೆ ಎಷ್ಟು ಬಂತು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಉತ್ತರ ಗೊತ್ತಿಲ್ಲದ ನೌಕರನು ದೂರನ್ನು ಮುಂದಿನ ಹಂತಕ್ಕೆ ಕಳುಹಿಸಲೇಬೇಕಾಗುವುದರಿಂದ ಈ ಪ್ರಶ್ನೆಗೆ ಪ್ರಾಯೋಗಿಕ ಬೆಲೆಯೂ ಇದೆ.

ದೋಷ ಯಾರ ಕಡೆಯದು

ಸೇವಾದಾರರ ಹೊಣೆ ಎಲ್ಲಿ ಮುಗಿದು ಗ್ರಾಹಕನ ಹೊಣೆ ಎಲ್ಲಿ ಆರಂಭವಾಗುತ್ತದೆಯೋ ಆ ಸ್ಥಾನವನ್ನು ಗಡಿಬಿಂದು ಎನ್ನಬಹುದು. ಫೈಬರ್ ಸಂಪರ್ಕದಲ್ಲಿ ಅದು ಸಾಮಾನ್ಯವಾಗಿ ಗೋಡೆಯ ಮೇಲಿನ ಒಎನ್‌ಟಿ ಪೆಟ್ಟಿಗೆ. ದೋಷವು ಈ ಗಡಿಯ ಆಚೆಗಿದೆ ಎಂದು ತೋರಿಸಿಕೊಡುವ ಗ್ರಾಹಕನ ದೂರು ಬೇಗ ಮುಂದೆ ಸಾಗುತ್ತದೆ. ತೋರಿಸದ ದೂರು ರೂಟರ್ ಆರಿಸಿ ಹಾಕುವುದರಲ್ಲಿಯೇ ಉಳಿಯುತ್ತದೆ.

ಮೊದಲ ಪರೀಕ್ಷೆ ವೈಫೈಯನ್ನು ಬದಿಗಿಡುವುದು. ಗಣಕವನ್ನು ಈಥರ್ನೆಟ್ ತಂತಿಯಿಂದ ನೇರವಾಗಿ ಒಎನ್‌ಟಿಗೆ ಅಥವಾ ರೂಟರಿಗೆ ಜೋಡಿಸಿ ವೇಗ ಅಳೆದರೆ, ‘ನಿಮ್ಮ ವೈಫೈ ದೋಷ’ ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ, ಅಥವಾ ಅದು ನಿಜವೆಂದು ಗೊತ್ತಾಗುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯ ವೈಫೈ ದೂರ ಹೋಗುತ್ತದೆ, ಆದರೆ ನೆರೆಹೊರೆಯ ರೂಟರುಗಳು, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಪಟ್ಟಿಯಲ್ಲಿವೆ. 5 ಗಿಗಾಹರ್ಟ್ಸ್ ವೇಗವಾದದ್ದಾದರೂ ಗೋಡೆ ದಾಟುವಾಗ ಸೊರಗುತ್ತದೆ. ಘಟಕಗಳ ಗೊಂದಲವನ್ನೂ ಇಲ್ಲಿಯೇ ನಿವಾರಿಸಿಕೊಳ್ಳಬೇಕು. ಸಂಸ್ಥೆಗಳು ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತವೆ, ಗಣಕವು ಕಡತದ ಇಳಿಕೆಯನ್ನು ಮೆಗಾಬೈಟ್‌ಗಳಲ್ಲಿ ತೋರಿಸುತ್ತದೆ. 8 ಬಿಟ್‌ಗೆ ಒಂದು ಬೈಟ್ ಆದುದರಿಂದ 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಗರಿಷ್ಠ 12.5 ಮೆಗಾಬೈಟ್ ಇಳಿಯುವುದು ದೋಷವಲ್ಲ.

ಒಎನ್‌ಟಿಯ ದೀಪಗಳು ಅತಿ ಸ್ಪಷ್ಟವಾದ ಸಾಕ್ಷಿ. ‘ಲಾಸ್’ ಎಂದು ಗುರುತಿಸಿದ ದೀಪ ಕೆಂಪಾಗಿದ್ದರೆ ಬೆಳಕು ಪೆಟ್ಟಿಗೆಯವರೆಗೆ ಬರುತ್ತಿಲ್ಲವೆಂದೇ ಅರ್ಥ. ಫೈಬರ್ ಎಲ್ಲಿಯೋ ತುಂಡಾಗಿದೆ, ಅತಿಯಾಗಿ ಬಾಗಿದೆ, ಇಲ್ಲವೇ ಕನೆಕ್ಟರ್ ಕಳಚಿದೆ. ರೂಟರನ್ನು ಎಷ್ಟು ಸಲ ಆರಿಸಿ ಹಾಕಿದರೂ ಇದು ಸರಿಹೋಗದು. ‘ಪಾನ್’ ದೀಪ ಸ್ಥಿರವಾಗಿರದೆ ಮಿನುಗುತ್ತಿದ್ದರೆ ಬೆಳಕು ಬಂದರೂ ಉಪಕರಣದ ನೋಂದಣಿ ಪೂರ್ಣವಾಗಿಲ್ಲ. ಎರಡೂ ಸರಿಯಾಗಿದ್ದು ಅಂತರಜಾಲ ಮಾತ್ರ ಇಲ್ಲದಿದ್ದರೆ ಖಾತೆಯ ದೃಢೀಕರಣ ಅಥವಾ ಅದರಾಚೆಯ ಜಾಲವನ್ನು ಸಂಶಯಿಸಬೇಕು.

ಭಾರತದ ಮನೆಗಳಿಗೆ ಬರುವ ಫೈಬರ್ ಬಹುಪಾಲು ಜಿಪಾನ್ ತಂತ್ರಜ್ಞಾನದ್ದು. ಇದರಲ್ಲಿ ಸೇವಾದಾರರ ಒಂದು ಬಂದರಿನಿಂದ ಹೊರಟ ಬೆಳಕನ್ನು ವಿದ್ಯುತ್ ಬೇಡದ ಸ್ಪ್ಲಿಟರ್‌ಗಳ ಮೂಲಕ ಹಲವು ಮನೆಗಳಿಗೆ, ಸಾಮಾನ್ಯವಾಗಿ 32 ಅಥವಾ 64ಕ್ಕೆ, ಹಂಚಲಾಗುತ್ತದೆ. ಇಳಿಮುಖವಾಗಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಏರುಮುಖವಾಗಿ ಸುಮಾರು 1.25 ಗಿಗಾಬಿಟ್ ಸಾಮರ್ಥ್ಯವನ್ನು ಆ ಎಲ್ಲ ಮನೆಗಳೂ ಹಂಚಿಕೊಳ್ಳುತ್ತವೆ. ಹೆಚ್ಚು ಬಳಕೆಯಲ್ಲಿರುವ ಬಿ ಪ್ಲಸ್ ವರ್ಗದಲ್ಲಿ ಒಎನ್‌ಟಿಯು ಪಡೆಯುವ ಬೆಳಕಿನ ಶಕ್ತಿ ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವೆ ಇರಬೇಕು. ಸಂಖ್ಯೆ 3ರಷ್ಟು ಕುಸಿದರೆ ಶಕ್ತಿ ಅರ್ಧಕ್ಕಿಳಿದಂತೆ. ಅನೇಕ ಒಎನ್‌ಟಿಗಳ ನಿರ್ವಹಣಾ ಪುಟದಲ್ಲಿ ಈ ಅಳತೆ ಗ್ರಾಹಕನಿಗೂ ಕಾಣುತ್ತದೆ. ಮೈನಸ್ 26 ಅಥವಾ 27ರ ಅಂಚಿನಲ್ಲಿರುವ ಸಂಪರ್ಕವೇ ಬಿಟ್ಟುಬಿಟ್ಟು ಹೋಗಿಬರುವ ಸಂಪರ್ಕ. ‘ಇಂಟರ್ನೆಟ್ ಸರಿಯಿಲ್ಲ’ ಎಂಬ ದೂರಿಗೂ ‘ಒಎನ್‌ಟಿಯಲ್ಲಿ ಬೆಳಕಿನ ಮಟ್ಟ ಕಳೆದ ವಾರ ಮೈನಸ್ 21 ಇದ್ದದ್ದು ಈಗ ಮೈನಸ್ 27 ಆಗಿದೆ’ ಎಂಬ ದೂರಿಗೂ ದೊರೆಯುವ ಉತ್ತರ ಬೇರೆ ಬೇರೆ. ಎರಡನೆಯದನ್ನು ಕೇಳಿದ ತಂತ್ರಜ್ಞನು ಸ್ಪ್ಲೈಸಿಂಗ್ ಯಂತ್ರವನ್ನು ಜೊತೆಗೆ ತರುತ್ತಾನೆ.

ದೀಪಗಳೆಲ್ಲ ಹಸಿರಾಗಿದ್ದೂ ಜಾಲತಾಣಗಳು ತೆರೆಯದಿರುವ ಸಂದರ್ಭದಲ್ಲಿ ಪಿಂಗ್ ಆದೇಶ ಉಪಯುಕ್ತ. 8.8.8.8 ಅಥವಾ 1.1.1.1 ಎಂಬ ಅಂಕಿಯ ವಿಳಾಸಗಳಿಂದ ಉತ್ತರ ಬಂದು, ಹೆಸರಿನಿಂದ ತಾಣ ತೆರೆಯದಿದ್ದರೆ ದೋಷ ಡಿಎನ್‌ಎಸ್‌ನದು. ಎಲ್ಲ ತಾಣಗಳೂ ತೆರೆದು ಒಂದು ಮಾತ್ರ ನಿಧಾನವಾಗಿದ್ದರೆ ಟ್ರೇಸ್‌ರೂಟ್ ಆದೇಶವು ಮಾಹಿತಿಯು ಹಾದುಹೋಗುವ ಮಾರ್ಗವನ್ನು ಹಂತಹಂತವಾಗಿ ತೋರಿಸುತ್ತದೆ. ಆದರೆ ಅದನ್ನು ಓದುವಾಗ ಎಚ್ಚರ ಬೇಕು. ನಡುವಿನ ಒಂದು ರೂಟರ್ ಉತ್ತರಿಸದಿದ್ದ ಮಾತ್ರಕ್ಕೆ ಅಲ್ಲಿ ದೋಷವಿದೆ ಎಂದಲ್ಲ, ಅಂತಹ ಕೋರಿಕೆಗಳಿಗೆ ಉತ್ತರಿಸದಂತೆ ಅನೇಕ ರೂಟರುಗಳನ್ನು ಹೊಂದಿಸಿರುತ್ತಾರೆ. ವಿಳಂಬವು ಒಂದು ಹಂತದಲ್ಲಿ ಏರಿ ಮುಂದಿನ ಎಲ್ಲ ಹಂತಗಳಲ್ಲಿಯೂ ಹಾಗೆಯೇ ಉಳಿದರೆ ಮಾತ್ರ ಅದು ಸಾಕ್ಷಿ.

ಹಂಚಿಕೆಯ ವಿಳಾಸ

ಪ್ರಶ್ನಾವಳಿಯಲ್ಲಿ ಉತ್ತರವಿಲ್ಲದ ತೊಂದರೆಗೆ ಒಳ್ಳೆಯ ಉದಾಹರಣೆ ವಿಳಾಸ ಹಂಚಿಕೆಯದು. ಹಳೆಯ ಐಪಿವಿ4 ವಿಳಾಸಗಳ ಕೊರತೆಯಿಂದ ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತಾರೆ. ಏಷ್ಯಾ-ಪೆಸಿಫಿಕ್ ವಲಯದಲ್ಲಿ ಮುಕ್ತವಾಗಿ ಹಂಚಬಹುದಾದ ವಿಳಾಸಗಳು 2011ರ ಏಪ್ರಿಲ್‌ನಲ್ಲಿಯೇ ಮುಗಿದವು. ಮರುವರ್ಷ ಈ ಹಂಚಿಕೆಗಾಗಿಯೇ 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು ಕಾದಿರಿಸಲಾಯಿತು. ಸಾಮಾನ್ಯ ಬಳಕೆಗೆ ಇದರಿಂದ ತೊಡಕಿಲ್ಲ. ಆದರೆ ಊರಿನ ಮನೆಯ ಅಥವಾ ಅಂಗಡಿಯ ಸಿಸಿಟಿವಿ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ನೋಡಲು ಹೊರಟವರಿಗೆ ಬಂದರು ತೆರೆಯುವ ಯಾವ ಪ್ರಯತ್ನವೂ ಫಲಿಸುವುದಿಲ್ಲ. ರೂಟರಿನ ಹೊರಮುಖದ ವಿಳಾಸವು ಮೇಲಿನ ಶ್ರೇಣಿಯಲ್ಲಿದ್ದರೆ ಕಾರಣ ಇದೇ. ಆಗ ದೋಷದ ದೂರು ಕೊಡುವುದರಲ್ಲಿ ಅರ್ಥವಿಲ್ಲ. ಸ್ಥಿರ ಸಾರ್ವಜನಿಕ ವಿಳಾಸ ಬೇಕೆಂದು ಕೋರಿಕೆ ಸಲ್ಲಿಸಬೇಕು, ಇದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕವಿರುತ್ತದೆ. ಐಪಿವಿ6 ಇರುವ ಕಡೆ ಈ ಅಡ್ಡಿ ಇರಬೇಕಾಗಿಲ್ಲ.

ದೂರು ಮತ್ತು ದಾಖಲೆ

ತಾಂತ್ರಿಕ ನೆರವಿನಲ್ಲಿ ಗ್ರಾಹಕನ ಕೈಯಲ್ಲಿರುವ ಮುಖ್ಯ ದಾಖಲೆ ದೂರು ಸಂಖ್ಯೆ. ನಿಯಮದಂತೆ ಪ್ರತಿಯೊಂದು ದೂರಿಗೂ ಪ್ರತ್ಯೇಕವಾದ ಡಾಕೆಟ್ ಸಂಖ್ಯೆ ನೀಡಿ ಅದನ್ನು ಗ್ರಾಹಕನಿಗೆ ತಿಳಿಸಬೇಕು. ಸಹಾಯವಾಣಿಯಲ್ಲಿ ಭಾಷೆ ಆಯ್ದುಕೊಳ್ಳುವ ಅವಕಾಶವನ್ನೂ ನಿಯಮ ಕೇಳುತ್ತದೆ. ಹೀಗಾಗಿ ಕರ್ನಾಟಕದ ಗ್ರಾಹಕನು ಕನ್ನಡದಲ್ಲಿ ದೂರು ಹೇಳಲು ಹಿಂಜರಿಯಬೇಕಾಗಿಲ್ಲ.

ಬಿಟ್ಟುಬಿಟ್ಟು ಬರುವ ದೋಷಕ್ಕೆ ದಿನಚರಿಯಷ್ಟು ಬಲವಾದ ಸಾಧನ ಬೇರೊಂದಿಲ್ಲ. ದಿನಾಂಕ, ಸಮಯ, ದೀಪಗಳ ಸ್ಥಿತಿ, ತಂತಿಯಿಂದ ಅಳೆದ ವೇಗ, ಪಿಂಗ್‌ನ ಫಲ ಇಷ್ಟನ್ನು ಒಂದು ವಾರ ಬರೆದಿಟ್ಟರೆ ಅದರ ಆಕಾರವೇ ಕಾರಣ ಹೇಳುತ್ತದೆ. ರಾತ್ರಿ 8ರಿಂದ 11ರವರೆಗೆ ಮಾತ್ರ ಕುಸಿಯುವ ವೇಗ ದಟ್ಟಣೆಯನ್ನು ಸೂಚಿಸುತ್ತದೆ, ಮಳೆ ಗಾಳಿ ಬಂದಾಗ ಮಾತ್ರ ಕಡಿಯುವ ಸಂಪರ್ಕ ಕಂಬದ ಮೇಲಿನ ಜಾಯಿಂಟನ್ನು. ಫೋನಿನಲ್ಲಿ ಹೇಳಿದ್ದನ್ನು ಅದೇ ದಿನ ಮಿಂಚಂಚೆಯಲ್ಲಿಯೂ ಕಳುಹಿಸುವುದು ಒಳಿತು. ಹೊಸ ನೌಕರನಿಗೆ ಮೊದಲಿನಿಂದ ಕಥೆ ಹೇಳುವ ಶ್ರಮ ಅದರಿಂದ ತಪ್ಪುತ್ತದೆ. ಒಂದೇ ದೋಷ ಮರುಕಳಿಸಿದಾಗ ಹಳೆಯ ದೂರು ಸಂಖ್ಯೆಗಳನ್ನು ಹೊಸ ದೂರಿನಲ್ಲಿ ನಮೂದಿಸಬೇಕು. ಇಲ್ಲವಾದರೆ ಸಂಸ್ಥೆಯ ಲೆಕ್ಕದಲ್ಲಿ ಅದು ಒಂದು ಹಳೆಯ ದೋಷವಾಗಿ ಕಾಣದೆ, ಬೇಗನೆ ಪರಿಹರಿಸಿದ ಐದು ಹೊಸ ದೋಷಗಳಾಗಿ ಕಾಣುತ್ತದೆ.

ಸಹಾಯವಾಣಿಯ ಸಂಖ್ಯೆಯನ್ನು ಬಿಲ್ಲಿನಿಂದ ಅಥವಾ ಸಂಸ್ಥೆಯ ಅಧಿಕೃತ ಆ್ಯಪ್‌ನಿಂದಲೇ ಪಡೆಯಬೇಕು. ಹುಡುಕು ತಾಣಗಳಲ್ಲಿ ನಕಲಿ ಗ್ರಾಹಕ ಸೇವಾ ಸಂಖ್ಯೆಗಳನ್ನು ಹರಿಬಿಟ್ಟು, ಕರೆ ಮಾಡಿದವರ ಮೊಬೈಲಿನಲ್ಲಿ ದೂರನಿಯಂತ್ರಣದ ಆ್ಯಪ್ ಹಾಕಿಸಿ ಬ್ಯಾಂಕ್ ಖಾತೆಯಿಂದ ಹಣ ಕದಿಯುವುದು ಪರಿಚಿತ ವಂಚನೆ. ಫೈಬರ್ ದೋಷ ಸರಿಪಡಿಸಲು ಒಟಿಪಿ ಆಗಲಿ ಹತ್ತು ರೂಪಾಯಿಯ ‘ಪರೀಕ್ಷಾ ಪಾವತಿ’ ಆಗಲಿ ಬೇಕಾಗುವುದಿಲ್ಲ. ವಂಚನೆಗೆ ಒಳಗಾದವರು ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು.

ಭಾರತದಲ್ಲಿ ನಿಯಮ ಮತ್ತು ಪರಿಹಾರ

ಸೇವೆಯ ಗುಣಮಟ್ಟವನ್ನು ನಿಗದಿಪಡಿಸುವುದು 1997ರಲ್ಲಿ ಸ್ಥಾಪನೆಯಾದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್. ಬ್ರಾಡ್‌ಬ್ಯಾಂಡ್ ಗುಣಮಟ್ಟದ ಮೊದಲ ನಿಯಮಾವಳಿ 2006ರದು. ಶೇಕಡ 90ಕ್ಕೂ ಹೆಚ್ಚು ದೋಷಗಳನ್ನು ಮರು ಕೆಲಸದ ದಿನದೊಳಗೆ, ಶೇಕಡ 99ರಷ್ಟನ್ನು ಮೂರು ಕೆಲಸದ ದಿನಗಳೊಳಗೆ ಸರಿಪಡಿಸಬೇಕೆಂದು ಅದು ವಿಧಿಸಿತು. ಶೇಕಡ 60ರಷ್ಟು ಕರೆಗಳಿಗೆ 60 ಸೆಕೆಂಡುಗಳೊಳಗೆ ಮನುಷ್ಯರೇ ಉತ್ತರಿಸಬೇಕು ಎಂಬುದೂ ಅದರಲ್ಲಿತ್ತು. ದುರಸ್ತಿ ಮೂರು ಕೆಲಸದ ದಿನ ಮೀರಿದರೆ ಏಳು ದಿನಗಳ, ಏಳು ಮೀರಿದರೆ ಹದಿನೈದು ದಿನಗಳ, ಹದಿನೈದೂ ಮೀರಿದರೆ ಒಂದು ತಿಂಗಳ ಕನಿಷ್ಠ ಶುಲ್ಕದಷ್ಟು ರಿಯಾಯಿತಿ ನೀಡಬೇಕಾಗಿತ್ತು. ಇಂತಹ ಮಾನದಂಡಗಳಿಗೆ ಒಂದು ಮಿತಿಯಿದೆ. ಅವು ಇಡೀ ಸೇವಾ ವಲಯದ ಸರಾಸರಿಯನ್ನು ಅಳೆಯುತ್ತವೆ, ಶೇಕಡ 99ರ ಆಚೆ ಉಳಿದ ಮನೆಯ ಕಷ್ಟ ಸರಾಸರಿಯಲ್ಲಿ ಕಾಣುವುದಿಲ್ಲ. ಆ ಮನೆಗೆ ಇರುವುದು ರಿಯಾಯಿತಿ ಮತ್ತು ಮೇಲ್ಮನವಿಯ ದಾರಿ ಮಾತ್ರ.

2024ರ ಆಗಸ್ಟ್‌ನಲ್ಲಿ ಟ್ರಾಯ್ ಹೊರಡಿಸಿದ ಹೊಸ ನಿಯಮಾವಳಿಯು 2006ರದೂ ಸೇರಿದಂತೆ ಮೂರು ಹಳೆಯ ನಿಯಮಾವಳಿಗಳ ಸ್ಥಾನ ಪಡೆದು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ತಂತಿ ಆಧಾರಿತ ಸೇವೆಯ ದೋಷ ಮೂರು ದಿನಗಳ ನಂತರ ಸರಿಯಾದರೆ ಪೋಸ್ಟ್‌ಪೇಯ್ಡ್ ಮತ್ತು ಪ್ರೀಪೇಯ್ಡ್ ಗ್ರಾಹಕರಿಬ್ಬರಿಗೂ ಪರಿಹಾರ ಸಲ್ಲಬೇಕೆಂಬುದು ಇದರ ಮುಖ್ಯ ಅಂಶಗಳಲ್ಲೊಂದು.

ದೂರು ನಿರ್ವಹಣೆಗೆ 2012ರ ಜನವರಿಯ ದೂರಸಂಪರ್ಕ ಗ್ರಾಹಕರ ದೂರು ಪರಿಹಾರ ನಿಯಮಾವಳಿಯಿದೆ. ಇದರಂತೆ ಸೇವಾದಾರರಲ್ಲಿಯೇ ಎರಡು ಮೆಟ್ಟಿಲುಗಳಿರಬೇಕು: ದೂರು ಕೇಂದ್ರ ಮತ್ತು ಮೇಲ್ಮನವಿ ಪ್ರಾಧಿಕಾರ. ದೂರು ಕೇಂದ್ರದ ಉತ್ತರ ಒಪ್ಪಿಗೆಯಾಗದಿದ್ದರೆ ಅಥವಾ ಉತ್ತರವೇ ಬಾರದಿದ್ದರೆ ಡಾಕೆಟ್ ಸಂಖ್ಯೆಯೊಂದಿಗೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಗ್ರಾಹಕ ಸಂಘಟನೆಯ ಒಬ್ಬರು ಹಾಗೂ ಸಂಸ್ಥೆಯ ಒಬ್ಬರು ಇರುವ ಸಲಹಾ ಸಮಿತಿಯ ಅಭಿಪ್ರಾಯ ಪಡೆದು 39 ದಿನಗಳೊಳಗೆ ತೀರ್ಮಾನಿಸಬೇಕು. ಮೇಲ್ಮನವಿ ಪ್ರಾಧಿಕಾರವೂ ಸಂಸ್ಥೆಯದೇ ಆಗಿರುವುದು ಈ ವ್ಯವಸ್ಥೆಯ ದೌರ್ಬಲ್ಯ. ಆದರೂ ಮೇಲ್ಮನವಿಯ ಕಡತವನ್ನು ಪ್ರಶ್ನಾವಳಿ ಓದುವವರು ನೋಡುವುದಿಲ್ಲ, ಅದರ ಪ್ರಯೋಜನ ಇರುವುದೂ ಅಲ್ಲಿಯೇ.

ವೈಯಕ್ತಿಕ ದೂರುಗಳನ್ನು ಟ್ರಾಯ್ ಸ್ವತಃ ವಿಚಾರಿಸುವುದಿಲ್ಲ. ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗಕ್ಕೆ ಕೇಂದ್ರ ಸರಕಾರದ ಅಹವಾಲು ತಾಣದ ಮೂಲಕ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಸಂಪರ್ಕ ವಿವಾದ ಇತ್ಯರ್ಥ ನ್ಯಾಯಮಂಡಳಿಯು 2000ದಿಂದ ಇದ್ದರೂ ಒಬ್ಬ ಗ್ರಾಹಕನ ವ್ಯಾಜ್ಯಕ್ಕೆ ಸರಿಯಾದ ಸ್ಥಳ ಜಿಲ್ಲಾ ಗ್ರಾಹಕ ಆಯೋಗ. ಈ ವಿಷಯದಲ್ಲಿ ಬಹುಕಾಲ ಗೊಂದಲವಿತ್ತು. 1885ರ ಟೆಲಿಗ್ರಾಫ್ ಕಾಯಿದೆಯಲ್ಲಿ ಮಧ್ಯಸ್ಥಿಕೆಯ ದಾರಿ ಇರುವುದರಿಂದ ದೂರವಾಣಿ ವ್ಯಾಜ್ಯಗಳನ್ನು ಗ್ರಾಹಕ ವೇದಿಕೆಗೆ ಒಯ್ಯುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2009ರ ಎಂ. ಕೃಷ್ಣನ್ ಪ್ರಕರಣದಲ್ಲಿ ಹೇಳಿತ್ತು. 2022ರ ಫೆಬ್ರವರಿ 16ರಂದು ವೊಡಾಫೋನ್ ಐಡಿಯಾ ವಿರುದ್ಧ ಅಜಯ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಗ್ರಾಹಕ ವೇದಿಕೆಗಳ ಅಧಿಕಾರಕ್ಕೆ ಆ ಕಾಯಿದೆ ಅಡ್ಡಿಯಾಗದು ಎಂದು ತೀರ್ಪಿತ್ತಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ, ಕಾರಣ ಉಂಟಾದ ಎರಡು ವರ್ಷಗಳೊಳಗೆ ದಾವೆ ಹೂಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ಯೋಜನೆಯೊಂದು 2019ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ಒಪ್ಪಿ ಸೇರಿದ ಸಂಸ್ಥೆಗಳು ಎರಡು ಪೂರ್ಣ ಕೆಲಸದ ದಿನಗಳಲ್ಲಿ ದೋಷ ಸರಿಪಡಿಸದಿದ್ದರೆ ದಿನಕ್ಕೆ ಇಷ್ಟೆಂದು, ಬರುತ್ತೇನೆಂದ ತಂತ್ರಜ್ಞ ಬಾರದಿದ್ದರೆ ಇಷ್ಟೆಂದು ಗ್ರಾಹಕ ಕೇಳದೆಯೇ ಪರಿಹಾರ ನೀಡಬೇಕು. ಆರಂಭದಲ್ಲಿ ಈ ಮೊತ್ತಗಳು 8 ಪೌಂಡ್ ಮತ್ತು 25 ಪೌಂಡ್ ಇದ್ದವು. ಅಮೆರಿಕದಲ್ಲಿ ಫೆಡರಲ್ ಕಮ್ಯುನಿಕೇಶನ್ಸ್ ಕಮಿಷನ್‌ಗೆ ಸಲ್ಲಿಸಿದ ಅನೌಪಚಾರಿಕ ದೂರಿಗೆ ಸೇವಾದಾರರು 30 ದಿನಗಳೊಳಗೆ ಉತ್ತರಿಸಬೇಕು. ಆಸ್ಟ್ರೇಲಿಯದಲ್ಲಿ 1993ರಿಂದ ಸ್ವತಂತ್ರ ದೂರಸಂಪರ್ಕ ಒಂಬುಡ್ಸ್‌ಮನ್ ಇದ್ದಾರೆ.

ಜನಪ್ರಿಯ ಸಂಸ್ಕೃತಿಯಲ್ಲಿ

ಎಕ್ಸ್‌ಕೆಸಿಡಿ ಎಂಬ ಅಮೆರಿಕದ ಜಾಲ ವ್ಯಂಗ್ಯಚಿತ್ರ ಮಾಲೆಯ 806ನೆಯ ಚಿತ್ರದ ವಸ್ತು ಇದೇ. ಸೇವಾದಾರರಿಗೆ ಕರೆ ಮಾಡಿದವನೊಬ್ಬನಿಗೆ ಅದೃಷ್ಟವಶಾತ್ ನಿಜವಾದ ಅಭಿಯಂತರೆಯೊಬ್ಬಳು ಸಿಗುತ್ತಾಳೆ. ಮುಂದಿನ ಬಾರಿ ‘ಶಿಬ್ಬೊಲೀಟ್’ ಎಂಬ ಗುಪ್ತಪದ ಹೇಳಿದರೆ ಸಾಕು, ವಿಷಯ ಬಲ್ಲವರಿಗೇ ಕರೆ ಹೋಗುತ್ತದೆ ಎಂದು ಆಕೆ ತಿಳಿಸುತ್ತಾಳೆ. ಅಷ್ಟರಲ್ಲಿ ಅವನಿಗೆ ಎಚ್ಚರವಾಗುತ್ತದೆ. ಬ್ರಿಟನ್ನಿನ ಆ್ಯಂಡ್ರೂಸ್ ಅಂಡ್ ಆರ್ನಲ್ಡ್ ಎಂಬ ಸಣ್ಣ ಸೇವಾದಾರ ಸಂಸ್ಥೆಯು ತನ್ನ ಸೇವೆ ಈ ಚಿತ್ರದ 806 ಸಂಖ್ಯೆಗೆ ಬದ್ಧವಾಗಿದೆ ಎಂದು ಪ್ರಕಟಿಸಿಕೊಂಡಿತ್ತು.